ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿಯವರ ಬಾಳು

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ದೌಂಡ್ ಜಂಕ್ಷನ್ ದಾಟಿದ ಸ್ವಲ್ಪ ಹೊತ್ತಿಗೆ ಕೇಡಗಾಂವ ಎಂಬ ಚಿಕ್ಕ ನಿಲ್ದಾಣ ಬರುತ್ತದೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಅನೇಕರು ಪರೀಕ್ಷೆಗೋ ಸಂದರ್ಶನಕ್ಕೋ ನೆಂಟರ ಮದುವೆಗೋ ಆ ದಾರಿಯಲ್ಲಿ ಹತ್ತಾರು ಸಲ ಹೋಗಿ ಬಂದವರು. ಆ ಊರಿನ ಮಣ್ಣಿನಲ್ಲಿ ಮಲಗಿರುವ ಹೆಣ್ಣುಮಗಳೊಬ್ಬರು ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿಯೇ ಹುಟ್ಟಿದವರು ಎಂಬುದನ್ನು ಬಲ್ಲವರು ಮಾತ್ರ ಕಡಿಮೆ. ಪಂಡಿತಾ ರಮಾಬಾಯಿಯವರ ಹೆಸರನ್ನು ನಾವು ಇತಿಹಾಸದ ಪಠ್ಯದಲ್ಲಿ ಸಮಾಜ ಸುಧಾರಕರ ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಆ ಸಾಲಿನಲ್ಲಿ ಅವರ ಬಾಳಿನ ಮುಖ್ಯ ಸಂಗತಿಯೇ ಬಿಟ್ಟುಹೋಗಿರುತ್ತದೆ.

ಐಚ್ಛಿಕ ಕನ್ನಡವನ್ನು ಓದುವವರಿಗೆ ಬರಿಯ ಆಚರಣೆಗೂ ನಿಜವಾದ ನಂಬಿಕೆಗೂ ಇರುವ ಅಂತರ ಹೊಸ ವಿಷಯವೇನಲ್ಲ. ವಚನಕಾರರೂ ಹರಿದಾಸರೂ ಆ ಅಂತರವನ್ನು ನಮಗೆ ಮತ್ತೆ ಮತ್ತೆ ತೋರಿಸಿಕೊಟ್ಟಿದ್ದಾರೆ. ರಮಾಬಾಯಿಯವರ ಬಾಳಿನಲ್ಲಿ ಆ ಪ್ರಶ್ನೆ ಮೂರು ಸಲ ಎದುರಾಯಿತು. ಮೊದಲು ತಾವು ಹುಟ್ಟಿದ ಧರ್ಮದಲ್ಲಿ, ಆಮೇಲೆ ತಾವು ಸೇರಿದ ಧರ್ಮದಲ್ಲಿ, ಕೊನೆಗೆ ತಮ್ಮೊಳಗೆ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಉಳಿದೆರಡನ್ನು ಹೇಳುವವರು ವಿರಳ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಎಳೆಯ ವಯಸ್ಸಿನಲ್ಲಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿಗಳ ಬಳಿ ಓದುತ್ತಿದ್ದಾಗ, ಆ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡರು. ಹೆಂಗಸಿನ ಬಾಯಲ್ಲಿ ಶ್ಲೋಕ ಕೇಳಿದ ಆ ವಿಸ್ಮಯ ಅವರನ್ನು ಬಿಡಲಿಲ್ಲ. ತಮ್ಮ ಹೆಂಡತಿಗೂ ಕಲಿಸಬೇಕೆಂದು ಊರಿಗೆ ಮರಳಿದರು. ಮನೆಯ ಹಿರಿಯರು ಒಪ್ಪಲಿಲ್ಲ, ಹೆಂಡತಿಗೂ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ತೀರ್ಥಯಾತ್ರೆಯಲ್ಲಿದ್ದಾಗ ಗೋದಾವರಿಯ ತೀರದಲ್ಲಿ ಸ್ನಾನಕ್ಕೆ ಬಂದ ಯಾತ್ರಿಕನೊಬ್ಬನು ತನ್ನ ಒಂಬತ್ತು ವರ್ಷದ ಮಗಳನ್ನು ಅವರಿಗೆ ಧಾರೆಯೆರೆದುಕೊಟ್ಟನು. ಶಾಸ್ತ್ರಿಗಳಿಗೆ ಆಗ ನಲವತ್ತು ದಾಟಿತ್ತು. ಇಂದು ಓದುವಾಗ ಮೈ ಜುಮ್ಮೆನ್ನುವ ಮದುವೆ ಅದು. ಆದರೂ ಆ ಹುಡುಗಿ ಲಕ್ಷ್ಮೀಬಾಯಿಗೆ ಆತ ಕೊಟ್ಟದ್ದು ಆ ಕಾಲದ ಯಾವ ಗಂಡನೂ ಕೊಡದಿದ್ದ ವಸ್ತು: ಸಂಸ್ಕೃತ ವಿದ್ಯೆ. ಇದು ಶಾಸ್ತ್ರವಿರೋಧವೆಂಬ ದೂರು ಬಂದಾಗ ಉಡುಪಿಯಲ್ಲಿ ನೆರೆದ ವಿದ್ವಾಂಸರ ಮುಂದೆ ನಿಂತು, ವೇದವನ್ನುಳಿದು ಬೇರೆಯದನ್ನು ಹೆಣ್ಣಿಗೆ ಕಲಿಸಲು ಶಾಸ್ತ್ರದಲ್ಲಿ ಅಡ್ಡಿಯಿಲ್ಲವೆಂದು ಆಧಾರ ಸಹಿತ ವಾದಿಸಿದರು. ಆ ಬಳಿಕ ಊರಿನ ಗೊಡವೆಯೇ ಬೇಡವೆಂದು ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು, ಶಿಷ್ಯರಿಗೆ ಪಾಠ ಹೇಳುತ್ತ ನೆಲೆಸಿದರು.

ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಗಂಗಾಮೂಲ ಯಾತ್ರಾಸ್ಥಳ. ಬಂದವರಿಗೆಲ್ಲ ಅನ್ನವಿಕ್ಕುವುದು ಗೃಹಸ್ಥನ ಧರ್ಮವೆಂದು ನಂಬಿದ್ದ ಶಾಸ್ತ್ರಿಗಳು ಸಾಲದಲ್ಲಿ ಮುಳುಗಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಮನೆ ಬಿಡಬೇಕಾಯಿತು. ಬೆತ್ತದ ಪೆಟ್ಟಿಗೆಯೊಳಗೆ ಮಲಗಿಸಿದ ಕೂಸನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವಿಳಿದನು. ಅಂದಿನಿಂದ ಈ ಕುಟುಂಬಕ್ಕೆ ಮನೆಯೆಂಬುದು ಇರಲಿಲ್ಲ. ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ನಡೆದುಕೊಂಡು ಹೋಗುವುದು, ದೇವಸ್ಥಾನದ ಜಗಲಿಯಲ್ಲೋ ಅರಳಿಕಟ್ಟೆಯ ಮೇಲೋ ಕುಳಿತು ಪುರಾಣ ಓದುವುದು, ಕೇಳಿದವರು ಇಟ್ಟ ಕಾಣಿಕೆಯಲ್ಲಿ ಬದುಕುವುದು. ಬೇಡುವುದಿಲ್ಲ, ಉಳಿದದ್ದನ್ನು ದಾನ ಮಾಡುವುದು. ತಂದೆಗೆ ವಯಸ್ಸಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವರು ತಾಯಿ. ಹಗಲೆಲ್ಲ ದುಡಿಮೆಯಿದ್ದುದರಿಂದ ಬೆಳಗಿನ ಜಾವದಲ್ಲಿ, ಹಕ್ಕಿಗಳು ಉಲಿಯುವ ಹೊತ್ತಿಗೆ, ನಿದ್ದೆಗಣ್ಣಿನ ಮಗುವನ್ನು ಮುದ್ದಿಸಿ ಎಬ್ಬಿಸಿ ಶ್ಲೋಕ ಹೇಳಿಕೊಡುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮಾಳಿಗೆ ಕಂಠಪಾಠವಾದದ್ದು ಹೀಗೆ. ಮನೆಮಾತು ಮರಾಠಿ, ಅಲೆದಾಟದಲ್ಲಿ ಕನ್ನಡ, ಹಿಂದಿ, ಮುಂದೆ ಬಂಗಾಳಿಯೂ ಕೈವಶವಾದವು. ಹಿರಿಯ ಮಗಳು ಕೃಷ್ಣಾಬಾಯಿಯ ಬಾಲ್ಯವಿವಾಹ ನೋವಿನಲ್ಲಿ ಮುಗಿದಿದ್ದರಿಂದ ಕಿರಿಯವಳ ಮದುವೆಗೆ ತಂದೆ ಅವಸರಪಡಲಿಲ್ಲ. ಹದಿನಾರು ದಾಟಿದರೂ ಮದುವೆಯಾಗದ ಬ್ರಾಹ್ಮಣ ಕನ್ಯೆ ಊರೂರಿನಲ್ಲಿ ಪುರಾಣ ಹೇಳುತ್ತಾಳೆಂಬುದು ಆಗ ಸೋಜಿಗದ ಸುದ್ದಿ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿತ್ತು. ಆ ಬರದ ನಡುವೆ ಈ ಕುಟುಂಬ ಮಾಡಿದ್ದನ್ನು ರಮಾಬಾಯಿಯವರು ಮುಂದೆ ತಮ್ಮ ಆತ್ಮನಿವೇದನೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇದ್ದ ಹಣವನ್ನೆಲ್ಲ ಜಪ, ಅನುಷ್ಠಾನ, ದಕ್ಷಿಣೆಗಳಿಗೆ ಸುರಿದರು. ದೇವರು ಒಲಿದರೆ ಧನಧಾನ್ಯ ಬರುವುದೆಂಬ ಶಾಸ್ತ್ರವಾಕ್ಯವನ್ನು ಅವರು ಅಕ್ಷರಶಃ ನಂಬಿದ್ದರು. ಹಣ ತೀರಿತು. ಒಡವೆ ಹೋಯಿತು, ಹಿತ್ತಾಳೆ ತಾಮ್ರದ ಪಾತ್ರೆ ಹೋಯಿತು, ಒಳ್ಳೆಯ ಬಟ್ಟೆ ಹೋಯಿತು. ಕೂಲಿ ಮಾಡಲು ಕಲಿತಿರಲಿಲ್ಲ. ಕಲಿತಿದ್ದರೂ ಕುಲದ ಅಭಿಮಾನ ಬಿಡುತ್ತಿರಲಿಲ್ಲ. ಕೊನೆಗೆ ತಿರುಪತಿಯ ಬಳಿಯ ಕಾಡು ಹೊಕ್ಕರು. ಹನ್ನೊಂದು ದಿನ ನೀರು, ಎಲೆ, ಹಿಡಿಯಷ್ಟು ಈಚಲು ಹಣ್ಣು ಇವೇ ಆಹಾರ. ಕಣ್ಣು ಮಂಜಾಗಿದ್ದ ಮುದುಕ ತಂದೆ ಪುಣ್ಯತೀರ್ಥದಲ್ಲಿ ಜಲಸಮಾಧಿಯಾಗಲು ನಿಶ್ಚಯಿಸಿ, ಒಬ್ಬೊಬ್ಬರನ್ನೂ ಕರೆದು ಬೀಳ್ಕೊಂಡರು. ಕಿರಿಯ ಮಗಳನ್ನು ಅಪ್ಪಿಕೊಂಡು, ಬದುಕಿರುವಷ್ಟು ಕಾಲ ದೇವರ ಸೇವೆಯನ್ನು ಬಿಡಬಾರದೆಂದು ಹೇಳಿದರು. ಆಗ ಮಗ ಶ್ರೀನಿವಾಸನು ಕುಲದ ಅಭಿಮಾನವನ್ನು ಬದಿಗಿಟ್ಟು ಕೂಲಿ ಮಾಡುತ್ತೇನೆಂದನು. ಆ ಒಂದು ಮಾತು ಎಲ್ಲರನ್ನೂ ಸಾವಿನ ದಡದಿಂದ ಹಿಂದಕ್ಕೆ ತಂದಿತು, ಆದರೆ ತಡವಾಗಿತ್ತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಿಗೆ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ನಾಲ್ಕನೆಯ ಹೆಗಲು ಸಿಗದೆ, ರಮಾ ತಾವೇ ಹೆಗಲು ಕೊಡಲು ಹೋದರು. ಎತ್ತರ ಸಾಲದ್ದರಿಂದ ಚಟ್ಟದ ತುದಿಯನ್ನು ತಲೆಯ ಮೇಲೆ ಹೊರಬೇಕಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅನಂತಶಾಸ್ತ್ರಿಗಳ ಭಕ್ತಿಯನ್ನು ಡಾಂಭಿಕವೆಂದು ಕರೆದರೆ ಅದು ಅನ್ಯಾಯ. ಅವರ ಮಗಳೂ ಎಂದೂ ಹಾಗೆ ಕರೆಯಲಿಲ್ಲ. ಆ ಮನುಷ್ಯ ತಾನು ನಂಬಿದ್ದಕ್ಕೆ ಪ್ರಾಣವನ್ನೇ ಒಡ್ಡಿದವನು. ಆದರೆ ಆತನ ನಂಬಿಕೆ ಆತುಕೊಂಡಿದ್ದ ಕರ್ಮಗಳ ಕಟ್ಟಡ ಟೊಳ್ಳಾಗಿತ್ತು ಎಂಬುದು ಮಕ್ಕಳಿಗೆ ಹಸಿವಿನಲ್ಲಿ ಗೊತ್ತಾಯಿತು.

ಅಣ್ಣತಂಗಿಯರು ಮತ್ತೆ ನಡೆದರು. ಸಾವಿರಾರು ಮೈಲಿ, ಬರಿಗಾಲಲ್ಲಿ, ಉತ್ತರದ ಕಾಶ್ಮೀರದವರೆಗೆ. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗೋರಿಯಂತೆ ಎರಡು ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲ ಮರಳು ಮುಚ್ಚಿಕೊಂಡು ರಾತ್ರಿ ಕಳೆದರು. ಹಿಮಾಲಯದ ಒಂದು ಕ್ಷೇತ್ರದಲ್ಲಿ ಏಳು ತೇಲುವ ಪರ್ವತಗಳಿರುವ ಸರೋವರವನ್ನು ನೋಡಿದರು. ಪಾಪವಿಲ್ಲದವನು ಬೇಡಿಕೊಂಡರೆ ಆ ಪರ್ವತಗಳು ದಡಕ್ಕೆ ಬರುತ್ತವೆ, ಪಾಪಿಯಾದರೆ ಕದಲುವುದಿಲ್ಲ ಎಂಬ ಪ್ರತೀತಿ. ನೀರಿಗಿಳಿಯಬಾರದು, ಮೊಸಳೆಗಳಿವೆ ಎಂದು ಪೂಜಾರಿಗಳು ಎಚ್ಚರಿಸಿದ್ದರು. ಶ್ರೀನಿವಾಸನು ನಸುಕಿನಲ್ಲಿ ಯಾರಿಗೂ ಹೇಳದೆ ಈಜಿಕೊಂಡು ಹೋಗಿ ನೋಡಿದನು. ತೆಪ್ಪಗಳ ಮೇಲೆ ಕಲ್ಲುಮಣ್ಣು ಪೇರಿಸಿ ಗಿಡ ನೆಟ್ಟಿದ್ದರು. ಹಿಂದೆ ಅಡಗಿದ್ದ ದೋಣಿಯವನು, ಕೈತುಂಬ ಕಾಣಿಕೆ ಕೊಟ್ಟ ಯಾತ್ರಿಕನು ಬಂದಾಗ ಪೂಜಾರಿಯ ಸನ್ನೆಯಂತೆ ಅವನ್ನು ತಳ್ಳುತ್ತಿದ್ದನು. ಇದನ್ನು ಬರೆಯುವಾಗ ರಮಾಬಾಯಿಯವರು ಗೇಲಿ ಮಾಡುವುದಿಲ್ಲ. ತಾವೂ ಅಣ್ಣನೂ ಆ ಪರ್ವತಗಳಿಗೆ ಕೈಮುಗಿದು ನಿಂತವರೇ ಎಂಬುದನ್ನು ಅವರು ಮರೆತಿರಲಿಲ್ಲ.

1878ರಲ್ಲಿ ಇಬ್ಬರೂ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ಯುವತಿಯ ಸಂಸ್ಕೃತ ಪಾಂಡಿತ್ಯಕ್ಕೆ ವಿಶ್ವವಿದ್ಯಾಲಯದ ವಿದ್ವಾಂಸರು ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಈ ಗೌರವದ ಶಿಖರದಲ್ಲಿಯೇ ಅವರ ಒಳಗಿನ ಬುಡ ಅಲುಗಿದ್ದು ವಿಚಿತ್ರ. ಹೆಂಗಸರಿಗೆ ಉಪನ್ಯಾಸ ಮಾಡಬೇಕೆಂದು ಧರ್ಮಶಾಸ್ತ್ರಗಳನ್ನು ಮೊದಲ ಬಾರಿಗೆ ಆಳವಾಗಿ ಓದತೊಡಗಿದರು. ಒಂದು ಗ್ರಂಥ ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ಆದರೆ ಎರಡು ವಿಷಯಗಳಲ್ಲಿ ಎಲ್ಲವೂ ಒಂದೇ ಕಂಠದಲ್ಲಿದ್ದುವೆಂದು ಅವರಿಗೆ ಕಂಡಿತು: ಹೆಣ್ಣು ಸ್ವಭಾವತಃ ಕೆಟ್ಟವಳು, ಶೂದ್ರನಿಗೂ ಅವಳಿಗೂ ತಮ್ಮಷ್ಟಕ್ಕೆ ಮೋಕ್ಷವಿಲ್ಲ. ಸರಸ್ವತಿಯೆಂದು ಕರೆಸಿಕೊಂಡವರಿಗೆ ವೇದ ಓದುವ ಅಧಿಕಾರವಿರಲಿಲ್ಲ. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತಾಗ ಅವರು ಮೊದಲು ಹಿಂಜರಿದರು, ಆಮೇಲೆ ಓದಿದರು.

ಕ್ರೈಸ್ತರನ್ನು ಅವರು ಹತ್ತಿರದಿಂದ ಕಂಡದ್ದೂ ಅದೇ ಊರಿನಲ್ಲಿ. ಪ್ರಾರ್ಥನಾಕೂಟವೊಂದಕ್ಕೆ ಅಣ್ಣತಂಗಿಯರು ಹೋಗಿದ್ದರು. ನೆರೆದವರೆಲ್ಲ ತಾವು ಕುಳಿತಿದ್ದ ಕುರ್ಚಿಗಳ ಕಡೆಗೆ ತಿರುಗಿ ಮೊಣಕಾಲೂರಿದರು. ಇವರು ಕುರ್ಚಿಗೇ ಪೂಜೆ ಮಾಡುತ್ತಾರೆಂದು ಇಬ್ಬರೂ ತಿಳಿದರು. ಅಲ್ಲಿ ಸಂಸ್ಕೃತದ ಬೈಬಲ್ ಒಂದನ್ನು ಕೊಟ್ಟರು, ಓದಿದರೆ ಹಿಡಿಯಲಿಲ್ಲ. ಹೊರಗಿನಿಂದ ನೋಡುವವನಿಗೆ ಯಾರ ಆಚರಣೆಯಾದರೂ ಕುರ್ಚಿಪೂಜೆಯಂತೆಯೇ ಕಾಣುತ್ತದೆಯೇನೋ.

ಅಲ್ಲಿಂದ ಮುಂದಿನ ನಾಲ್ಕು ವರ್ಷಗಳನ್ನು ಬೇಗ ಹೇಳಬಹುದು. ಬದುಕೂ ಅವರೊಡನೆ ಹಾಗೆಯೇ ಅವಸರದಿಂದ ನಡೆದುಕೊಂಡಿತು. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ನವೆಂಬರಿನಲ್ಲಿ ರಮಾಬಾಯಿಯವರು ಬಂಗಾಳದ ವಕೀಲರಾದ ವಿಪಿನ ಬಿಹಾರಿ ದಾಸ ಮೇಧಾವಿಯವರನ್ನು ರಿಜಿಸ್ಟರ್ ಮದುವೆಯಾದರು. ಅವರು ಬ್ರಾಹ್ಮಣರಲ್ಲ, ಮರಾಠಿಯವರೂ ಅಲ್ಲ. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು. ಅಲ್ಲಿ ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯೊಂದು ಸಿಕ್ಕಿತು. ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರು ಬಂದು ಬೈಬಲಿನ ಸೃಷ್ಟಿಕಥೆಯನ್ನು ವಿವರಿಸುತ್ತಿದ್ದರು. ಇದು ಗಂಡನಿಗೆ ಹಿಡಿಸಲಿಲ್ಲ, ಚರ್ಚೆ ನಿಂತಿತು. 1881ರ ಏಪ್ರಿಲಿನಲ್ಲಿ ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನನ್ನು ಕಾಲರಾ ಒಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡ ವಿಧವೆ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ, ಈ ದೇಶದ ಹೆಂಗಸರಿಗೆ ಹೆಣ್ಣು ಶಿಕ್ಷಕರೂ ಹೆಣ್ಣು ವೈದ್ಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯಕೀಯ ಕಲಿಯಬೇಕೆಂಬ ಆಸೆಯಿಂದ, ಪುಸ್ತಕದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಆಸೆ ಕೈಗೂಡಲಿಲ್ಲ. ಹೊರಡುವಾಗ, ಕ್ರೈಸ್ತಳಾಗುವುದಿಲ್ಲವೆಂದೇ ಅವರು ಹೇಳಿದ್ದರು.

ಇಂಗ್ಲೆಂಡಿನಲ್ಲಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಲಂಡನ್ನಿನ ಫುಲ್ಹಮ್‌ನಲ್ಲಿ ಆ ಮಠದವರು ನಡೆಸುತ್ತಿದ್ದ ಆಶ್ರಯಧಾಮವೊಂದನ್ನು ನೋಡಲು ಕರೆದುಕೊಂಡು ಹೋದರು. ದಾರಿತಪ್ಪಿದವರೆಂದು ಸಮಾಜ ಹೊರಗಟ್ಟಿದ ಹೆಂಗಸರನ್ನು ಅಲ್ಲಿ ಸನ್ಯಾಸಿನಿಯರು ಸ್ವಂತ ಅಕ್ಕತಂಗಿಯರಂತೆ ಉಪಚರಿಸುತ್ತಿದ್ದರು. ರಮಾಬಾಯಿ ಓದಿದ್ದ ಧರ್ಮಶಾಸ್ತ್ರಗಳಲ್ಲಿ ಇಂಥ ಹೆಂಗಸರಿಗೆ ಕಠೋರ ಶಿಕ್ಷೆಯಿತ್ತು. ಕನಿಕರವನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಇವರನ್ನು ಏಕೆ ಆರೈಕೆ ಮಾಡುತ್ತೀರೆಂದು ಕೇಳಿದಾಗ, ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಿಂದ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿ ಹೇಳಿದರು. ಆ ಪ್ರಸಂಗದಲ್ಲಿ ನಡೆಯುವ ಚರ್ಚೆಯೂ ಕ್ಷೇತ್ರವನ್ನು ಕುರಿತದ್ದೇ: ದೇವರನ್ನು ಈ ಬೆಟ್ಟದಲ್ಲಿ ಪೂಜಿಸಬೇಕೋ ಆ ಪಟ್ಟಣದಲ್ಲೋ ಎಂಬುದು. ಪೂಜೆಗೆ ಬೆಟ್ಟವೂ ಪಟ್ಟಣವೂ ಮುಖ್ಯವಲ್ಲ, ಅಂತರಂಗದ ಸತ್ಯ ಮುಖ್ಯ ಎಂಬುದು ಅಲ್ಲಿ ಯೇಸು ಕೊಡುವ ಉತ್ತರದ ಸಾರ. ಬಾಳಿನ ಎಷ್ಟೋ ವರ್ಷಗಳನ್ನು ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಕಳೆದವರ ಕಿವಿಗೆ ಆ ಮಾತು ಹೇಗೆ ಕೇಳಿಸಿರಬೇಕೆಂಬುದನ್ನು ನಾವು ಊಹಿಸಬಹುದು. ಅದೇ ವರ್ಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತರು ಅದಕ್ಕೆ ಮೊದಲೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದರು. ಆ ನೋವೂ ಆ ದಿನಗಳಲ್ಲಿ ಸೇರಿದೆ. ಸ್ವದೇಶದಲ್ಲಿ ಮತಾಂತರದ ಸುದ್ದಿ ದೊಡ್ಡ ಆಕ್ರೋಶವನ್ನೆಬ್ಬಿಸಿತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ, ಒಂದು ಮತದಿಂದ ಇನ್ನೊಂದು ಮತಕ್ಕೆ ಹೋದವರ ಪಟ್ಟಿಯಲ್ಲಿ ಅವರದೂ ಒಂದು ಹೆಸರಾಗುತ್ತಿತ್ತು. ಆದರೆ ವಾಂಟೇಜ್‌ನ ಮಠ ಹೈ ಚರ್ಚ್ ಸಂಪ್ರದಾಯದ್ದು. ಅಲ್ಲಿ ವಿಧಿ, ವ್ರತ, ಅಧಿಕಾರಗಳ ಶ್ರೇಣಿ ಬಿಗಿಯಾಗಿತ್ತು. ರಮಾಬಾಯಿಯವರ ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡೀನ್ ಶಿಷ್ಯೆಯಿಂದ ವಿಧೇಯತೆಯನ್ನು ನಿರೀಕ್ಷಿಸಿದರು, ದೊರೆತದ್ದು ಪ್ರಶ್ನೆಗಳು. ಸುವಾರ್ತೆಯಲ್ಲಿ ಯೇಸು ಹೇಳದಿರುವುದನ್ನು ಸಭೆ ಹೇಳಿತೆಂಬ ಕಾರಣಕ್ಕೆ ಏಕೆ ಒಪ್ಪಬೇಕು? ತ್ರಯೇಕತ್ವದ ಸಿದ್ಧಾಂತವನ್ನು ಅರ್ಥವಾಗುವ ಮೊದಲೇ ಬಾಯಲ್ಲಿ ಹೇಳಿದರೆ ಅದು ನಂಬಿಕೆಯಾದೀತೆ? ಒಪ್ಪದವರಿಗೆ ನಿತ್ಯನಾಶ ಎನ್ನುವ ಅತನೇಸಿಯನ್ ಮತಪ್ರಮಾಣವನ್ನು ಆತ್ಮಸಾಕ್ಷಿಯಿಂದ ಉಚ್ಚರಿಸುವುದು ಹೇಗೆ? ಪುಟ್ಟ ಮನೋರಮಾಳಿಗೆ ಈ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿಸಬಾರದೆಂದೂ ಅವರು ತಡೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮಗೆ ಸಂಸ್ಕೃತವಿಲ್ಲವೆ ಎಂದು ಕೇಳಿದರು. ಮೊಟ್ಟೆ ಹಾಕಿದ ಪುಡಿಂಗ್ ತಿನ್ನಲಿಲ್ಲ. ಇದನ್ನು ಜಾತಿಯ ಅಹಂಕಾರವೆಂದು ಸನ್ಯಾಸಿನಿಯರು ಬಗೆದರು. ಸಸ್ಯಾಹಾರ, ಬಿಳಿಯ ಹತ್ತಿಸೀರೆ, ದೇಶೀ ನಡೆನುಡಿ ಇವನ್ನು ರಮಾಬಾಯಿ ಕೊನೆಯವರೆಗೂ ಬಿಡಲಿಲ್ಲ. ಕ್ರಿಸ್ತನನ್ನು ನಂಬುವುದೆಂದರೆ ಇಂಗ್ಲಿಷರಂತೆ ಉಣ್ಣುವುದಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು.

ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತವನ್ನೂ ಕಲಿಸುತ್ತಿದ್ದಾಗ ಇನ್ನೊಂದು ಪ್ರಸಂಗ ನಡೆಯಿತು. ಅವರು ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ, ಭಾರತದಲ್ಲಿದ್ದ ಬಿಷಪರು ಇದು ಯೋಗ್ಯವಲ್ಲವೆಂದು ತಡೆದರು. ಸಾವಿರಾರು ಗಂಡಸರ ಮುಂದೆ ಪುರಾಣ ಹೇಳಿ ಬೆಳೆದ ಹೆಣ್ಣಿಗೆ ಈ ನಿಷೇಧ ಅಪಮಾನವಾಗಿ ಕಂಡಿತು. ತಮ್ಮ ದೇಶದ ಪುರೋಹಿತವರ್ಗದ ನೊಗವನ್ನು ಅಷ್ಟು ಕಷ್ಟದಿಂದ ಕಳಚಿಕೊಂಡು ಬಂದವರು ಇನ್ನೊಂದು ಪುರೋಹಿತವರ್ಗದ ನೊಗಕ್ಕೆ ಕತ್ತು ಕೊಡಲು ಸಿದ್ಧರಿಲ್ಲವೆಂದು ಜೆರಾಲ್ಡೀನರಿಗೆ ನೇರವಾಗಿ ತಿಳಿಸಿದರು. ಕಾಲೇಜಿನ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಮಾತ್ರ ಈ ಹೆಣ್ಣಿನ ಪ್ರಶ್ನೆಗಳಲ್ಲಿ ಉದ್ಧಟತನವನ್ನಲ್ಲ, ಪ್ರಾಮಾಣಿಕತೆಯನ್ನು ಕಂಡರು. ಆಶ್ರಯ ಕೊಟ್ಟವರ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲದೆ, ಪರದೇಶದಲ್ಲಿ ಚಿಕ್ಕ ಮಗಳನ್ನಿಟ್ಟುಕೊಂಡು ಈ ಮಾತುಗಳನ್ನಾಡುವುದು ಸುಲಭವಿರಲಿಲ್ಲ ಎಂಬುದನ್ನು ನಾವು ನೆನಪಿಡಬೇಕು. ಸುಮ್ಮನೆ ತಲೆಯಾಡಿಸಿದ್ದರೆ ಎಲ್ಲವೂ ಸುಗಮವಾಗುತ್ತಿತ್ತು.

1886ರಲ್ಲಿ ಅಮೆರಿಕಕ್ಕೆ ಹೋದರು. ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡುವುದು ಅದರ ನಿಮಿತ್ತ. ಮೇಲುಜಾತಿಯ ಹಿಂದೂ ಹೆಣ್ಣಿನ ಬಾಳನ್ನು ಕುರಿತ ಇಂಗ್ಲಿಷ್ ಪುಸ್ತಕ 1887ರಲ್ಲಿ ಅಲ್ಲಿ ಹೊರಬಂದು ಹೆಸರಾಯಿತು. ಬೋಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹುಟ್ಟಿ, ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಒದಗಿಸಲು ಒಪ್ಪಿತು. ಶಾಲೆಯಲ್ಲಿ ಮತಪ್ರಚಾರವಿರಬಾರದೆಂಬುದು ಷರತ್ತು. ಹೀಗೆ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂದಿತು. ಅಲ್ಲಿ ಕಲಿತ ಮೊದಲ ವಿಧವೆ ಗೋದೂಬಾಯಿಯವರನ್ನೇ ಮುಂದೆ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು.

ಈಗ ಮೂರನೆಯ ಸಲದ ಮಾತು. 1891ರ ಹೊತ್ತಿಗೆ ರಮಾಬಾಯಿ ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಕ್ರೈಸ್ತರು. ಬೈಬಲ್ ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಒಳ್ಳೆಯ ಕೆಲಸ ಮಾಡುತ್ತಿದ್ದರು. ಹೊರಗಿನ ಕಣ್ಣಿಗೆ ಕೊರತೆಯೇನೂ ಇರಲಿಲ್ಲ. ಆಗ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆ ಕೈಗೆ ಸಿಕ್ಕಿತು. ಆತ ವರ್ಷಗಟ್ಟಲೆ ಪಾದ್ರಿಯಾಗಿ ಎಲ್ಲ ವಿಧಿಗಳನ್ನೂ ಚಾಚೂ ತಪ್ಪದೆ ನಡೆಸಿಕೊಂಡು ಬಂದು, ಒಂದು ದಿನ ತಾನೇ ಮಾಡುತ್ತಿದ್ದ ಉಪದೇಶದ ನಡುವೆ, ತನ್ನೊಳಗೆ ಏನೂ ಇಲ್ಲವೆಂದು ಅರಿತು ಬದಲಾದವನು. ಓದುತ್ತ ಹೋದಂತೆ ರಮಾಬಾಯಿಯವರಿಗೆ ತಮ್ಮದೇ ಮುಖ ಕಂಡಿತು. ತಾವು ಕಂಡುಕೊಂಡದ್ದು ಕ್ರೈಸ್ತಧರ್ಮವನ್ನು, ಕ್ರಿಸ್ತನನ್ನಲ್ಲ. ಬುದ್ಧಿ ಒಪ್ಪಿದ ಒಂದು ಉತ್ತಮ ಮತವನ್ನು ಹಿಡಿದುಕೊಂಡು, ದೀಕ್ಷಾಸ್ನಾನವೇ ಎಲ್ಲವನ್ನೂ ಮಾಡಿಬಿಡುತ್ತದೆಂದು ನಂಬಿ ಕುಳಿತಿದ್ದರು. ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುವುದೆಂಬ ಹಳೆಯ ನಂಬಿಕೆಯೇ ಹೊಸ ಹೆಸರು ತೊಟ್ಟು ತಮ್ಮೊಳಗೆ ಉಳಿದಿತ್ತು! ಬೇರೆಯವರ ದೋಷವನ್ನು ಕಾಣುವ ಕಣ್ಣು ಎಲ್ಲ ವಿಮರ್ಶಕರಿಗೂ ಇರುತ್ತದೆ. ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಹಾಗೆ ತಿರುಗಿಸಿದೆನೆಂದು ಜಗತ್ತಿಗೆ ಬರೆದು ಹೇಳುವವರು ಎಷ್ಟು ಮಂದಿ? ತಮ್ಮ ಅರ್ಹತೆಯಿಂದಲ್ಲ, ದೇವರ ಕೃಪೆಯಿಂದಲೇ ಬಿಡುಗಡೆ ಎಂಬುದನ್ನು ಅವರು ಆಗ ಮಗುವಿನಂತೆ ಒಪ್ಪಿಕೊಂಡರು. ಆ ಒಪ್ಪಿಗೆಯ ಮೇಲೆಯೇ ಉಳಿದ ಮೂವತ್ತು ವರ್ಷಗಳ ದುಡಿಮೆ ನಿಂತಿತು.

ಇದಕ್ಕೆ ತೆರಬೇಕಾದ ಬೆಲೆ ಬೇಗನೆ ಬಂದಿತು. ಬೆಳಗಿನ ಹೊತ್ತು ಮನೋರಮಾಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಅವರು ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳತೊಡಗಿದರು. ಸುದ್ದಿ ಹರಡಿತು. 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳು ಸಲಹಾ ಮಂಡಳಿಯಿಂದ ಹೊರಬಂದರು. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಪಾಲಕರು ಹುಡುಗಿಯರನ್ನು ಕರೆದುಕೊಂಡು ಹೋದರು. ರಾನಡೆಯವರನ್ನು ಇಲ್ಲಿ ಖಳರನ್ನಾಗಿ ಮಾಡುವುದು ಸರಿಯಲ್ಲ. ಮತಪ್ರಚಾರವಿಲ್ಲವೆಂಬ ಭರವಸೆಯ ಮೇಲೆ ಅವರು ಸಂಪ್ರದಾಯಸ್ಥ ಮನೆಗಳಿಂದ ವಿಧವೆಯರನ್ನು ಕಳಿಸಿಕೊಟ್ಟಿದ್ದರು. ಆ ಮನೆಗಳಿಗೆ ಉತ್ತರ ಹೇಳಬೇಕಾದವರು ಅವರೇ. ಬಾಗಿಲು ತೆರೆದಿಡುವುದು ಪ್ರಚಾರವೋ ಅಲ್ಲವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ರಮಾಬಾಯಿಯವರಂತೂ ತಮ್ಮ ಪ್ರಾರ್ಥನೆಯನ್ನು ಕದ್ದುಮುಚ್ಚಿ ಮಾಡಲು ಒಪ್ಪಲಿಲ್ಲ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ ಅವರು ತಾವೇ ಹೊರಟು ಹೋದರು. ಗಂಜಿಕೇಂದ್ರಗಳಲ್ಲಿ ಹಸಿದ ಹುಡುಗಿಯರನ್ನು ದುಷ್ಟರು ಹೊಂಚು ಹಾಕಿ ಒಯ್ಯುತ್ತಿದ್ದುದನ್ನು ಕಂಡರು. ತಿರುಪತಿಯ ಕಾಡಿನಲ್ಲಿ ಎಲೆ ತಿಂದ ಹನ್ನೊಂದು ದಿನಗಳನ್ನು ಅವರು ಮರೆಯುವುದು ಸಾಧ್ಯವಿರಲಿಲ್ಲ. ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಇಷ್ಟು ಜನರಿಗೆ ಜಾಗವಿರಲಿಲ್ಲ. ಬೋಸ್ಟನ್ನಿನ ಹತ್ತು ವರ್ಷದ ಅವಧಿ ಮುಗಿದ ಮೇಲೆ ಶಾಲೆಗೆ ಆದಾಯವಾಗಲೆಂದು ಹಣ್ಣಿನ ತೋಟಕ್ಕಾಗಿ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆ ಹೊಲವಿತ್ತು. ಅಲ್ಲಿ ಗುಡಾರ ಹಾಕಿದರು, ಬಾವಿ ತೋಡಿಸಿದರು, ಕಟ್ಟಡ ಎಬ್ಬಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ 1500ನ್ನು ದಾಟಿತು.

ಮುಕ್ತಿಯೆಂಬ ಹೆಸರು ಗಮನಿಸತಕ್ಕದ್ದು. ಹೆಣ್ಣಿಗೆ ತನ್ನಷ್ಟಕ್ಕೆ ಮುಕ್ತಿಯಿಲ್ಲವೆಂದು ಓದಿದ್ದ ಪಂಡಿತೆ ಹೆಂಗಸರ ಊರೊಂದಕ್ಕೆ ಅದೇ ಪದವನ್ನು ಇಟ್ಟರು. ಆ ಮುಕ್ತಿ ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ ಇರಲಿಲ್ಲ. ನೇಯ್ಗೆ, ಎಣ್ಣೆಗಾಣ, ಹೈನು, ಬೇಸಾಯ, ಅಡಿಗೆ, ಹೊಲಿಗೆ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸುತ್ತಿದ್ದರು. ತಾನು ಹುಟ್ಟಿದ ಮನೆ ಕೈಕೆಲಸ ಕಲಿಯದೆ ಹಸಿದು ಸತ್ತುದನ್ನು ಕಂಡವರು ಕಟ್ಟಿದ ಊರು ಅದು. ಅಲ್ಲಿ ಕೈಕೆಲಸ ಬಾರದವರೇ ಇರಲಿಲ್ಲ. ಬೀದಿಪಾಲಾದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಕುರುಡರಿಗೆ ಬೇರೊಂದು ಸದನ. ಮನೋರಮಾ ಅಮೆರಿಕದಲ್ಲಿ ಬ್ರೈಲ್ ಕಲಿತು ಬಂದು ಅಲ್ಲಿ ಪಾಠ ಹೇಳಿದರು. 1910ರ ದಶಕದಲ್ಲಿ ತಾಯಿ ಮಗಳು ಸೇರಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿಯೂ ಒಂದು ಶಾಲೆ ತೆರೆದರು. ಅದೇ ರೈಲುಹಾದಿ: ಕೇಡಗಾಂವ, ದೌಂಡ್, ಸೊಲ್ಲಾಪುರ, ಕಲಬುರಗಿ. ಅವರೂ ನಮ್ಮ ನಿಲ್ದಾಣವನ್ನು ದಾಟಿ ಹೋಗಿ ಬಂದಿರಬೇಕು.

1905ರಲ್ಲಿ ಮುಕ್ತಿಯಲ್ಲಿ ದೊಡ್ಡದೊಂದು ಭಕ್ತಿಯ ಉಬ್ಬರವೆದ್ದಿತು. ಹುಡುಗಿಯರು ಅಳುತ್ತ, ಗಟ್ಟಿಯಾಗಿ ಪ್ರಾರ್ಥಿಸುತ್ತ ರಾತ್ರಿಗಳನ್ನು ಕಳೆದರು. ಮಿಷನರಿಗಳಲ್ಲಿಯೇ ಹಲವರಿಗೆ ಈ ಅಬ್ಬರ ಹಿಡಿಸಲಿಲ್ಲ. ರಮಾಬಾಯಿ ಅದನ್ನು ಅದುಮಲಿಲ್ಲ. ಭಾರತದ ಹೆಂಗಸರು ತಮ್ಮ ರೀತಿಯಲ್ಲಿ ದೇವರನ್ನು ಕರೆಯಲಿ ಎಂದರ್ಥದಲ್ಲಿ ಬಿಟ್ಟರು.

ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷ ಅವರನ್ನು ಹಿಡಿದಿಟ್ಟ ಕೆಲಸ ಬೈಬಲಿನ ಮರಾಠಿ ಅನುವಾದ. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಆಗ ಬಳಕೆಯಲ್ಲಿದ್ದ ಅನುವಾದದ ಮರಾಠಿ ಸಂಸ್ಕೃತಮಯವಾಗಿದ್ದು ಹಳ್ಳಿಯ ಹೆಂಗಸಿಗೆ ತಿಳಿಯುತ್ತಿರಲಿಲ್ಲ. ಹಳೆಯ ಕರ್ಮಕಾಂಡದ ಅರ್ಥಗಳನ್ನು ಹೊತ್ತ ಪದಗಳೂ ಅದರಲ್ಲಿದ್ದುವೆಂಬುದು ಅವರ ಆಕ್ಷೇಪ. ಹದಿನೆಂಟು ಸಾವಿರ ಸಂಸ್ಕೃತ ಶ್ಲೋಕಗಳನ್ನು ಬಾಯಲ್ಲಿಟ್ಟುಕೊಂಡಿದ್ದ ಪಂಡಿತೆ ಒಂದೊಂದೇ ಸಂಸ್ಕೃತ ಪದವನ್ನು ಹೊರಗಿಡುತ್ತ, ಬರದಿಂದ ಬಂದ ಅನಾಥ ಹುಡುಗಿಗೆ ಅರ್ಥವಾಗುವ ಮಾತನ್ನು ಹುಡುಕುತ್ತ ಕುಳಿತರು. ದೇಸಿ ಮಾರ್ಗಗಳ ಚರ್ಚೆಯನ್ನು ತರಗತಿಯಲ್ಲಿ ಕೇಳಿರುವ ನಮಗೆ ಈ ಆಯ್ಕೆಯ ತೂಕ ತಿಳಿಯುತ್ತದೆ. ಅನುವಾದ ಮೂಲಕ್ಕೆ ತೀರ ನಿಷ್ಠವಾಗಿ, ಕೆಲವೆಡೆ ಬಿರುಸಾಯಿತೆಂಬುದೂ ನಿಜ. ಮರಾಠಿ ಸಭೆಗಳಲ್ಲಿ ಅದು ವ್ಯಾಪಕವಾಗಿ ನೆಲೆಯೂರಲಿಲ್ಲ.

1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ನೀಡಿತು. ತಮ್ಮ ತರುವಾಯ ಮುಕ್ತಿಯನ್ನು ನಡೆಸುವರೆಂದು ನಂಬಿದ್ದ ಮನೋರಮಾ 1921ರ ಜುಲೈನಲ್ಲಿ ಮಿರಜಿನಲ್ಲಿ ತೀರಿಕೊಂಡರು. ನಲವತ್ತು ವರ್ಷದ ಮಗಳು. ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಆ ಅಲೆದಾಟದಲ್ಲಿ ಉಳಿದಿದ್ದ ಒಂದೇ ಒಂದು ರಕ್ತಸಂಬಂಧ. ರಮಾಬಾಯಿ ಮತ್ತೆ ಕರಡಚ್ಚುಗಳ ಮುಂದೆ ಕುಳಿತರು. ಕಿವಿ ಪೂರ್ತಿ ಮಂದವಾಗಿತ್ತು, ದೇಹ ಸೋತಿತ್ತು. 1922ರ ಏಪ್ರಿಲ್ 5ರಂದು, ತಿದ್ದುವ ಕೆಲಸ ಕೈಗೂಡಿದ ಹೊತ್ತಿಗೆ, ಅವರು ತೀರಿಕೊಂಡರು. ಮುಕ್ತಿಯ ಅಚ್ಚುಕೂಟದಲ್ಲಿ ಆ ಪುಸ್ತಕದ ಮೊಳೆಗಳನ್ನು ಜೋಡಿಸಿದವರು, ಹಾಳೆಗಳನ್ನು ಅಚ್ಚು ಹಾಕಿದವರು ಅಲ್ಲಿಯ ಹೆಂಗಸರೇ. 1924ರಲ್ಲಿ ಅದು ಹೊರಬಂದಿತು.